ಫಿಯೆಟ್ಟಿನ ಬ್ರೇಕಿಗೆ ಕೀಲೆಣ್ಣೆ

ಮಾವ ಗುರುಸ್ವಾಮಿಯವರನ್ನು ಮಿರ್ಲೆಯಿಂದ ಕಾರಿನಲ್ಲಿ ಕರೆತರುವ ಬದಲು ಬೆಟ್ಟದಪುರದ ಬೆಟ್ಟವನ್ನು ಮಂಡಿಯಲ್ಲೇ ಹತ್ತಲು ಶಿವನಂಜಪ್ಪ ಸಿದ್ಧನಿದ್ದ. ಬಸ್ ಡ್ರೈವರಾಗಿ ನಿವೃತ್ತರಾದ ಮಾವ ಪಕ್ಕದ ಸೀಟಿನಲ್ಲಿ ಕೂತರೆ ಅಳಿಯನ ಗೇರು, ಹಾರ್ನು, ತಿರುವು ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದರು. ಬಂದರೆ ತಿಂಗಳಾದರೂ ಕದಲುತ್ತಿರಲಿಲ್ಲ. ಪುಣ್ಯಕ್ಕೆ, ಬೇರೆಯವರು ಓಡಿಸುವ ಬಸ್ಸನ್ನು ಅವರು ಹತ್ತುತ್ತಿರಲಿಲ್ಲ.

ಆದ್ದರಿಂದ, ಅವರನ್ನು ಕರೆತರಬೇಕಿದ್ದ ದಿನ ಬೆಳಿಗ್ಗೆ ಹೆಂಡತಿ ನೀಲಾಂಬಿಕೆ ರೊಟ್ಟಿ ತಟ್ಟುವಷ್ಟರಲ್ಲಿ ಅವನು ತಾತನ ಕಾಲದ ಫಿಯೆಟ್ಟಿನ ಚಕ್ರಗಳನ್ನೂ ಬ್ರೇಕ್ ಡ್ರಮ್ಮುಗಳನ್ನೂ ಬಿಚ್ಚಿ ಅಂಗಳದ ತುಂಬ ಹರಡಿದ್ದ.

"ಬ್ರೇಕು ಕಿರ್ ಅಂತದೆ ಕಣೆ. ಸರ್ವೀಸ್ ಮಾಡ್ದೆ ಓದ್ರೆ ನಿಮ್ಮಪ್ಪನ ಜೀವಕ್ಕೇ ಅಪಾಯ," ಎಂದ.

ತನ್ನಪ್ಪನ ಮೇಲೆ ಗಂಡನಿಗಿರುವ ಕಾಳಜಿ ಕಂಡು ಅವಳಿಗೆ ಕಣ್ಣು ತುಂಬಿ ಬಂತು. ಎಸ್‌ಟಿಡಿ ಬೂತಿಗೆ ಹೋಗಿ ಅಪ್ಪನಿಗೆ ವಿಷಯ ತಿಳಿಸಿ ಬಂದಳು.

ಆದರೆ ಬಿಚ್ಚಿಟ್ಟ ಕಾರನ್ನು ಕಂಡು ಸುಮ್ಮನೆ ದಾಟಿಹೋಗುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೊಗೆಸೊಪ್ಪಿನ ಹೊಲಕ್ಕೆ ಹೊರಟಿದ್ದ ಎದುರುಮನೆಯ ಮಂಚಯ್ಯ ಪಂಚೆ ಎತ್ತಿ ಕಟ್ಟಿ ಕುಳಿತೇಬಿಟ್ಟ. ಡ್ರಮ್ಮುಗಳ ಧೂಳು ಒರೆಸಿದ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದ. ಶಿವನಂಜಪ್ಪ ಕಂಗಾಲಾಗಿ ಒಂದು ಸ್ಪ್ರಿಂಗನ್ನು ಯಾರಿಗೂ ಕಾಣದಂತೆ ತಿಪ್ಪೆಗೆಸೆದ. ಸಗಣಿ ಹಾಕಲು ಹೋದ ಪಕ್ಕದ ಮನೆಯ ಸಾಕಮ್ಮ ಅದನ್ನು ತೊಳೆದು ತಂದುಕೊಟ್ಟಳು. ಮಧ್ಯಾಹ್ನಕ್ಕೆ ಡ್ರಮ್ಮು ಮುಚ್ಚಿ ಚಕ್ರ ಕೂರಿಸುವುದೊಂದೇ ಬಾಕಿ.

ಮಂಚಯ್ಯ ಊಟಕ್ಕೆ ಎದ್ದದ್ದೇ ತಡ, ಶಿವನಂಜಪ್ಪ ಎತ್ತಿನ ಗಾಡಿಯ ಕೀಲೆಣ್ಣೆ ತಂದು, ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಎಲ್ಲ ಶೂಗಳಿಗೂ ಸವರಿ, ಡ್ರಮ್ಮು ಮುಚ್ಚಿ ಚಕ್ರ ಕೂರಿಸಿದ. ಓಡಿಸಿ ನೋಡಿದ ಮಂಚಯ್ಯನೇ ಕಾರು ಕೆಲಸಕ್ಕೆ ಬಾರದೆಂದು ಸಾರುತ್ತಾನೆ, ಆ ಮಾತನ್ನು ನೀಲಾಂಬಿಕೆ ನಂಬುತ್ತಾಳೆ ಎಂಬುದು ಅವನ ಲೆಕ್ಕ.

ಆ ಬೇಳೆಯೂ ಬೇಯಲಿಲ್ಲ. "ಯಜಮಾನ ನೀನಿರೋವಾಗ ನಾನ್ ಓಡ್ಸಾದು ತೆಪ್ಪಾಯ್ತದೆ ಕಣ್ಲಾ," ಎಂದು ಊಟ ಮುಗಿಸಿ ಬಂದ ಮಂಚಯ್ಯ ಅವನನ್ನೇ ಒಳಗೆ ತಳ್ಳಿ, ಹಿಂದಿನಿಂದ ಕಾರನ್ನೂ ತಳ್ಳಿದ. ಬೀದಿ ಇಳಿಜಾರು. ಶಿವನಂಜಪ್ಪ ಪೆಡಲು ತುಳಿದ, ಹ್ಯಾಂಡ್ ಬ್ರೇಕು ಎಳೆದ, ಮನೆದೇವರನ್ನು ಕರೆದ. ಮೂವರಲ್ಲಿ ಯಾರೂ ಓಗೊಡಲಿಲ್ಲ. ಕೊನೆಗೆ ಸಾಕಮ್ಮನ ಹುಲ್ಲಿನ ಮೆದೆಯೇ ಕಾರನ್ನು ನಿಲ್ಲಿಸಿತು.

ತಲೆ ತುಂಬ ಹುಲ್ಲಾಗಿದ್ದರೂ ಅವನ ಮುಖ ಅರಳಿತ್ತು. "ಇನ್ ಈ ಕಾರು ಎಲ್ಗೂ ಓಗಾಕಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಅಷ್ಟರಲ್ಲಿ ಸದ್ದಿಗೆ ನೆರೆದಿದ್ದ ಗುಂಪನ್ನು ಸರಿಸಿಕೊಂಡು, ಕೈಯಲ್ಲಿ ಬ್ಯಾಗು ಹಿಡಿದ ಗುರುಸ್ವಾಮಿಯವರು ಮುಂದೆ ಬಂದರು. ತಮಗಾಗಿ ಅಳಿಯ ಒದ್ದಾಡುತ್ತಿರುವುದನ್ನು ಮಗಳ ಫೋನಿನಲ್ಲಿ ಕೇಳಿ, ಜನ್ಮದ ಹಟ ಬಿಟ್ಟು ಬಸ್ಸು ಹತ್ತಿ ಬಂದಿದ್ದರು. ಚಕ್ರದ ಅಂಚಿಗೆ ಬೆರಳಾಡಿಸಿ ಮೂಸಿ ನೋಡಿದರು.

"ಅಳಿಯಂದ್ರೇ, ಸಂಜೆಗೇ ಕೋಟೆಲಿರೋ ದೊಡ್ ಮಗಳ ಮನೆಗೆ ಬುಟ್ಬುಡಿ, ಈ ಸಲ ಅಲ್ಲೇ ಇರ್ತೀನಿ ಅನ್ನಾಕೆ ಬಂದಿದ್ದೆ. ಆದ್ರೆ ಬ್ರೇಕಿಗೆ ಕೀಲೆಣ್ಣೆ ಆಕೋರ ಕೈಲಿ ನನ್ ಮಗಳನ್ನ ಎಂಗ್ ಬುಟ್ಟೋಗ್ಲಿ? ಒಸಾ ಶೂ ತರ್ಸಿ ಕೂರ್ಸಿ, ಪಕ್ಕದಲ್ಲಿ ಕೂತು ನಿಮ್ಗೆ ಓಡ್ಸಾದ್ ಕಲ್ಸೋಗಂಟ ಇಲ್ಲೇ ಇರ್ತೀನಿ."

ನೀಲಾಂಬಿಕೆಗೆ ಮತ್ತೆ ಕಣ್ಣು ತುಂಬಿ ಬಂತು. ಈ ಸಲ ಶಿವನಂಜಪ್ಪನಿಗೂ ಬಂತು.