ಸೋಮವ್ವನ ಕಿವಿಯ ಸಿತಾರಿ ಕಲ್ಲು

ಬಂಗಾರ ಬೇಕೆಂದರೆ ರಾಮದುರ್ಗದ ಪೇಟೆಯಲ್ಲಿ ಯಾವ ಪತ್ತಾರನ ಕಟ್ಟೆ ಹತ್ತಿದರೂ ಸಿಕ್ಕುತ್ತಿತ್ತು. ಬೆಳ್ಳಿಯ ಮಾತಂತೂ ಕೇಳುವುದೇ ಬೇಡ. ಸಕ್ಕರೆ, ಸೀಮೆಎಣ್ಣೆ, ಸಿಮೆಂಟು ಎಲ್ಲಕ್ಕೂ ಕಂಟ್ರೋಲ್ ಇದ್ದ ಕಾಲ ಅದು. ಆದರೂ ಕೈಕಾಲು ಹಿಡಿದರೆ ಅವೂ ಸಿಗುತ್ತಿದ್ದವು. ಯಾರ ಕೈಕಾಲು ಹಿಡಿದರೂ ಸಿಗದೇ ಹೋದದ್ದು ಒಂದೇ: ಕಡಲೆಕಾಳಿನಷ್ಟು ಗಾಜು. ಆ ಗಾಜಿಗಾಗಿ ಕಿರಾಣಿ ಅಂಗಡಿಯ ವೀರಪ್ಪನವರು ಪಟ್ಟ ಪಾಡು ಪಗಡೆಯ ಹಾಸಿನ ಮೇಲೆ ಧರ್ಮರಾಯನೂ ಪಟ್ಟಿರಲಿಕ್ಕಿಲ್ಲ. (ಧರ್ಮರಾಯನ ಹೆಂಡತಿಯ ಕಿವಿಯಲ್ಲಿ ಬೆಂಡವಾಲಿ ಇತ್ತೋ ಇಲ್ಲವೋ, ನಮಗೆ ತಿಳಿಯದು.)

ವೀರಪ್ಪನವರಿಗೆ ಬೇರೆ ಚಟವಿರಲಿಲ್ಲ. ತಂಬಾಕು ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ‘ಇದು ಹೆಂಗ ಆಕ್ಕೈತಿ?’ ಎಂಬ ಚಟ. ಆ ಚಟದ ಕೈಗೆ ಸಿಕ್ಕು ಮನೆಯ ಟ್ರಾನ್ಸಿಸ್ಟರ್ ಒಮ್ಮೆ ಬಿಚ್ಚಿಕೊಂಡಿತ್ತು, ಮತ್ತೆ ಕೂಡಿಕೊಳ್ಳಲಿಲ್ಲ. ಹೆಂಡತಿ ಸೋಮವ್ವ ಅಂದಿನಿಂದ ಹೊಲಿಗೆ ಮಷೀನಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆದರೆ ಕಿವಿಗೆ ಬೀಗ ಹಾಕಲು ಬರುವುದಿಲ್ಲವಲ್ಲ.

ಅವಳ ಕಿವಿಯ ಬೆಂಡವಾಲಿಗಳು ತವರಿನಿಂದ ಬಂದವು. ಸುತ್ತ ಬಂಗಾರದ ಕಟ್ಟು, ನಡುವೆ ಸಿತಾರಿ ಕಲ್ಲು. ಕಲ್ಲೆಂದರೆ ಕಲ್ಲಲ್ಲ, ಗಾಜು. ಅದು ಎಲ್ಲರಿಗೂ ಗೊತ್ತಿತ್ತು, ಸೋಮವ್ವನಿಗೂ ಗೊತ್ತಿತ್ತು. ಆದರೆ ಆ ಕಂದು ಗಾಜಿನ ಹೊಟ್ಟೆಯೊಳಗೆ ಸಾವಿರ ಬಂಗಾರದ ಚುಕ್ಕಿಗಳು ಮಿಣುಮಿಣು ಎನ್ನುತ್ತಿದ್ದವು. ಅವು ಒಳಗೆ ಹೇಗೆ ಹೋದವು? ಬೆಂಡವಾಲಿ ಮನೆಗೆ ಬಂದಾಗಿನಿಂದ ವೀರಪ್ಪನವರನ್ನು ಕಾಡಿದ ಪ್ರಶ್ನೆ ಇದು.

ಸಾಲಹಳ್ಳಿಯಲ್ಲಿ ಸೋಮವ್ವನ ಅಣ್ಣನ ಮಗಳ ಮದುವೆ ಗೊತ್ತಾಯಿತು. ಸೋದರತ್ತೆ ಎಂದ ಮೇಲೆ ಹಂದರದ ಮುಂದೆಯೇ ನಿಲ್ಲಬೇಕು. ಬೆಂಡವಾಲಿ ತೊಳೆಯುವ ಕೆಲಸಕ್ಕೆ ವೀರಪ್ಪನವರು ತಾವಾಗಿಯೇ ಮುಂದೆ ಬಂದರು.

“ಅಂಟವಾಳದ ನೀರಾಗ ಒಮ್ಮೆ ಅದ್ದಿ, ಅರಿವಿಲೆ ಒರಸ್ರಿ, ಸಾಕು,” ಎಂದಳು ಸೋಮವ್ವ. “ಹೆಚ್ಚಿನ ಶ್ಯಾಣ್ಯಾತನ ಮಾಡಬ್ಯಾಡ್ರಿ.”

ತಣ್ಣೀರಿಗೇ ಇಷ್ಟು ಮಿನುಗುವ ಕಲ್ಲು ಬಿಸಿನೀರಿಗೆ ಎಷ್ಟು ಮಿನುಗಬಹುದು! ಹೆಚ್ಚಿನ ಶ್ಯಾಣ್ಯಾತನ ಹುಟ್ಟಿದ್ದೇ ಅಲ್ಲಿ. ವೀರಪ್ಪನವರು ಒಲೆಯ ಮೇಲಿಂದ ಕುದಿಯುವ ನೀರು ತಂದು ಬೆಂಡವಾಲಿ ಇದ್ದ ಅಂಟವಾಳದ ಬಟ್ಟಲಿಗೆ ಸುರುವಿದರು. ಹಳೆಯ ಕಾಲದ ಪತ್ತಾರರು ಕಲ್ಲನ್ನು ಕೂಡಿಸುತ್ತಿದ್ದದ್ದು ಅರಗಿನ ಮೇಲೆ. ಅರಗಿಗೆ ಬಿಸಿ ತಾಗಿದರೆ ಏನಾಗುತ್ತದೆಂದು ಕೌರವರ ಕಾಲದಿಂದ ಲೋಕಕ್ಕೆಲ್ಲ ಗೊತ್ತು. ವೀರಪ್ಪನವರಿಗೆ ಆ ಹೊತ್ತಿಗೆ ನೆನಪಾಗಲಿಲ್ಲ. ನೊರೆಯನ್ನು ಬಚ್ಚಲಿಗೆ ಚೆಲ್ಲಿ ನೋಡಿದರೆ, ಬಟ್ಟಲಿನ ತಳದಲ್ಲಿ ಖಾಲಿ ಕಟ್ಟುಗಳೆರಡು, ಕಲ್ಲು ಒಂದು.

“ಕಲ್ಲ ಎಲ್ಲೈತ್ರಿ?”

“ಇಲ್ಲೇ ಐತಲ್ಲ.”

“ನನಗ ಕಿವಿ ಎಷ್ಟ ಅದಾವ?”

“ಎರಡು.”

“ಹಂಗಾರ ಇನ್ನೊಂದ?”

ವೀರಪ್ಪನವರು ಬಚ್ಚಲಿನ ಕಡೆ ನೋಡಿದರು. ಆಮೇಲೆ ಬಚ್ಚಲಿನ ಮೋರಿಯನ್ನು ಓಣಿಯ ಗಟಾರದವರೆಗೆ ಕೆದಕಿದರು. ಎಂದೋ ಕಳೆದ ಚಮಚವೊಂದು ಸಿಕ್ಕಿತು. ಕಲ್ಲು ಸಿಗಲಿಲ್ಲ.

“ನೀವು ಚಮಚಾ ಹಾಕ್ಕೊಂಡ ಮದವಿಗೆ ಹೋಗಂತೀರೇನು?” ಸೋಮವ್ವನ ಕಣ್ಣಲ್ಲಿ ನೀರು ಬಂದಿತ್ತು. “ನಮ್ಮ ವೈನಿ ಬಾಯಿ ಗೊತ್ತೈತಿಲ್ಲೊ ನಿಮಗ?”

ಗೊತ್ತಿಲ್ಲದೆ ಏನು. ವೈನಿ ಎಂದರೆ ಸಾಲಹಳ್ಳಿಯ ರಾಚವ್ವ, ಸೋಮವ್ವನ ಅಣ್ಣನ ಹೆಂಡತಿ. ಅತ್ತೆ ಸಾಯುವಾಗ ಈ ಬೆಂಡವಾಲಿ ಸೊಸೆಗೆ ಬರದೆ ಮಗಳಿಗೆ ಹೋದದ್ದು ಅವಳ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ. ‘ಒಯ್ಯವಾ ಒಯ್ಯಿ, ಒಂದ ದಿನ ನಿನ್ನ ಗಂಡ ಅಂಗಡಿ ಸಲುವಾಗಿ ಮಾರತಾನ’ ಎಂದು ನಾಲ್ಕು ಮಂದಿಯ ಎದುರೇ ಅಂದಿದ್ದಳು. ಈಗ ಬರಿಕಿವಿಯಲ್ಲಿ ಹೋದರೆ ಆ ಮಾತು ನಿಜವಾದಂತೆಯೇ. ಸೋಮವ್ವನ ಕಿವಿ ಹೋಗಲಿ, ವೀರಪ್ಪನವರ ಮೂಗಿನ ಪ್ರಶ್ನೆ ಅದು.

ಪತ್ತಾರ ಹಣಮಂತಪ್ಪ ಉಳಿದ ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ ನಾಲಿಗೆ ಲೊಚಗುಟ್ಟಿದ. “ವೀರಪ್ಪಾರ, ಬಂಗಾರ ಆಗಿದ್ರ ಇಲ್ಲೇ ಕಾಸಿ ಕೊಡತಿದ್ದೆ. ಗಾಜ ಕಾಸಾಕ ನನಗ ಬರೂದಿಲ್ಲ. ಇಂಥಾ ಕಲ್ಲ ಈಗ ಬರೂದ ನಿಂತೈತ್ರಿ. ಇದನ್ನ ಮಾದರಿಗಂತ ನನ್ನ ಕಡೆ ಬಿಟ್ಟ ಹೋಗ್ರಿ. ನಮ್ಮ ಮಂದಿ ಊರೂರಾಗ ಅದಾರ, ಕೇಳಿಸಿ ನೋಡತೇನಿ. ಒಂದೀಟ ತಡೀರಿ.”

ವೀರಪ್ಪನವರು ಕಲ್ಲನ್ನು ಬಿಟ್ಟರು. ತಡೆಯುವುದು ಮಾತ್ರ ಅವರಿಂದ ಆಗಲಿಲ್ಲ. ಮದುವೆ ಹತ್ತಿರ ಬಂದಂತೆ ಸೋಮವ್ವ ತಟ್ಟೆಯನ್ನು ಕುಕ್ಕಿ ಇಡತೊಡಗಿದಳು. ಸಾರಿನಲ್ಲಿ ಉಪ್ಪು ಕಡಿಮೆಯಾಗುತ್ತಿತ್ತು. ಒಂದು ಮುಂಜಾನೆ ಅಂಗಡಿಗೆ ಬೀಗ ಜಡಿದು, ಮುನವಳ್ಳಿ ದಾಟಿ ಹೋಗುವ ಕೆಂಪು ಬಸ್ಸು ಹತ್ತಿದರು.

ಸವದತ್ತಿಯಲ್ಲಿ ಮಣಿ-ಸರದ ಅಂಗಡಿಗಳಿಗೆ ಲೆಕ್ಕವಿಲ್ಲ. ಕೆಂಪು ಮಣಿ ಇತ್ತು, ಬಿಳಿ ಮಣಿ ಇತ್ತು, ಕವಡೆ ಇತ್ತು. ಸಿತಾರಿ ಇರಲಿಲ್ಲ. ಅಂಗಡಿಯ ಪರಸಪ್ಪ ಮಾತ್ರ ಒಂದು ಸಂಗತಿ ಹೇಳಿದ: ಆ ಚುಕ್ಕಿಗಳು ಅಪ್ಪಟ ಬಂಗಾರದ ಪುಡಿ, ಕರಗಿದ ಗಾಜಿನ ಮೇಲೆ ಉಪ್ಪಿನಂತೆ ಉದುರಿಸುತ್ತಾರೆ. ವೀರಪ್ಪನವರ ಕಣ್ಣರಳಿತು. ಬಚ್ಚಲಿಗೆ ಹೋದದ್ದು ಬಂಗಾರವೇ ಹಾಗಾದರೆ! ಹೊಟ್ಟೆ ಉರಿಯಿತು. ಉರಿದರೂ ಪ್ರಶ್ನೆ ತಣಿಯಲಿಲ್ಲ: ಉಪ್ಪಾದರೆ ಮೇಲೆ ನಿಲ್ಲಬೇಕು, ಒಳಗೆ ಹೇಗೆ ಇಳಿಯಿತು?

ಬೈಲಹೊಂಗಲದಲ್ಲಿ ಲಗಮಣ್ಣ ಸಿಕ್ಕ. ಉಂಗುರದ ಕಲ್ಲುಗಳನ್ನು ಸಾಣೆ ಹಿಡಿಯುವವನು. ಪರಸಪ್ಪನ ಸಿದ್ಧಾಂತ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಬಂಗಾರೆಲ್ಲಿಂದ ತರ್ತೀರಿ ಸಾಹುಕಾರ್ರ! ತಾಮ್ರರೀ ಅದು. ಗಾಜಿನ ಜೋಡಿ ತಾಮ್ರ ಕುದಸಿ, ಭಟ್ಟಿ ಬಾಯಿ ಮುಚ್ಚಿ, ಸಾವಕಾಶ ಆರಿಸಿದ್ರ ಒಳಗಿಂದೊಳಗ ಚಿಕ್ಕಿ ಮೂಡತಾವಂತ. ಹಂಗಂತ ನಮ್ಮಪ್ಪ ಹೇಳತಿದ್ದ. ನಾ ಕಂಡಿಲ್ಲ.”

ಒಳಗಿಂದೊಳಗೆ ಮೂಡುತ್ತವೆ! ವೀರಪ್ಪನವರಿಗೆ ರೋಮಾಂಚನವಾಯಿತು. ಬಂದ ಕೆಲಸ ಮರೆತು ಲಗಮಣ್ಣನ ಸಾಣೆಯ ಮುಂದೆ ಕುಳಿತೇಬಿಟ್ಟರು. ಸೋಡಾ ಬಾಟ್ಲಿಯ ಚೂರೊಂದನ್ನು ತಾವೇ ಉಜ್ಜಿದರು. ಹೆಬ್ಬೆರಳಿನ ಚರ್ಮ ಹೋಯಿತು, ಗಾಜಿಗೆ ಹೊಳಪು ಬಂತು. ಈ ಶೋಧನೆ ನಡೆದಿರುವಾಗ ಊರಿಗೆ ಮರಳುವ ಬಸ್ಸು ಹೋಗಿಬಿಟ್ಟಿತು. ಆಗ ಮದುವೆ ನೆನಪಾಗಿ, ಸಿತಾರಿ ಕಲ್ಲು ಎಲ್ಲಾದರೂ ಸಿಕ್ಕೀತೇ ಎಂದು ಕೇಳಿದರು.

“ಅಯ್ಯ, ಮೊದಲ ಹೇಳಬಾರದೇನ್ರಿ? ಮೊನ್ನೆ ಇಲ್ಲೇ ಒಂದ ಬಂದಿತ್ತು, ಕಣ್ಣಾರೆ ನೋಡೇನಿ. ಕಿತ್ತೂರಾಗ ಬಳಿ ಅಂಗಡಿ ಗುರವ್ವನ ಕಡೆ ಹೋತು.”

ವೀರಪ್ಪನವರು ಹಾರಿ ಎದ್ದರು. ಅಂದಿನ ರಾತ್ರಿ ಲಗಮಣ್ಣನ ಕಟ್ಟೆಯ ಮೇಲೆಯೇ ಮಲಗಿ, ಬೆಳಗಾಗುತ್ತಲೂ ಕಿತ್ತೂರಿಗೆ ಓಡಿದರು. ಗುರವ್ವ ಬಳೆಯ ಮಲಾರ ಬಿಚ್ಚುತ್ತಿದ್ದಳು. ಇವರ ಮುಖ ನೋಡಿದವಳೇ ಕೇಳಿದಳು:

“ರಾಮದುರ್ಗದಾವರೇನ್ರಿ?”

“ಹೌದವ್ವಾ.”

“ಸಿತಾರಿ ಕಲ್ಲಿಗೆ ಬಂದೀರೇನು?”

ಬಾಯಿ ಬಿಡುವ ಮೊದಲೇ ಮನಸ್ಸು ತಿಳಿಯುವ ಈಕೆ ಸಾಮಾನ್ಯಳಲ್ಲವೆಂದು ವೀರಪ್ಪನವರು ಚಪ್ಪಲಿ ಕಳಚಿದರು. ಗುರವ್ವ ಡಬ್ಬಿಯಿಂದ ಹತ್ತಿಯ ಉಂಡೆ ತೆಗೆದು ಬಿಡಿಸಿದಳು. ಒಳಗೆ ಕಂದು ಗಾಜು, ಮಿಣುಮಿಣು ಚುಕ್ಕಿ. ಅದೇ ಬಣ್ಣ, ಅದೇ ಆಕಾರ, ಅದೇ ಗಾತ್ರ!

“ಇದು ನಿಮಗಂತನ ಬಂದೈತ್ರಿ. ಒಯ್ರಿ.”

“ರೊಕ್ಕ?”

“ನಿಮ್ಮದ ನಿಮಗ ಕೊಡಾಕ ರೊಕ್ಕ ಯಾಕ್ರಿ, ಯಪ್ಪಾ?”

ಎಂಥ ಮಾತು! ವೀರಪ್ಪನವರು ಕೈ ಮುಗಿದರು. ಋಣಾನುಬಂಧವೆಂದರೆ ಇದೇ. “ಪುಕ್ಕಟ ತೊಗೊಂಡದ್ದು ಮುತ್ತೈದಿ ಕಿವಿಗೆ ಒಗ್ಗೂದಿಲ್ಲವ್ವಾ” ಎಂದು, ಬೇಡ ಬೇಡ ಎನ್ನುತ್ತಿದ್ದವಳ ಉಡಿಗೆ ಕಿಸೆಯಲ್ಲಿದ್ದದ್ದನ್ನೆಲ್ಲ ಹಾಕಿ, ಬಸ್ಸಿನ ಚಾರ್ಜಿಗಷ್ಟೇ ಉಳಿಸಿಕೊಂಡು ಹೊರಟರು.

ಸೋಮವ್ವನನ್ನು ಕರೆದುಕೊಂಡೇ ಅವರು ಹಣಮಂತಪ್ಪನ ಕಟ್ಟೆ ಹತ್ತಿದರು. ಹೆಂಡತಿ ಎದುರಿಗಿರದೆ ಗೆದ್ದರೆ ಅದು ಗೆಲುವೇ?

“ಜೋಡಿ ಅಂದ್ರ ಹಿಂಗಿರಬೇಕು, ನೋಡೋ ಹಣಮಂತಪ್ಪ! ಎಲ್ಲಿ, ನಮ್ಮ ಮಾದರಿ ಕಲ್ಲ ತಗಿ. ಬಾಜೂಕ ಇಡೂಣು.”

ಹಣಮಂತಪ್ಪ ಕಲ್ಲನ್ನು ತಿರುಗಿಸಿ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ವೀರಪ್ಪಾರ... ನಿಮ್ಮ ಕಲ್ಲಿನ ಅಂಚಿಗೆ ಒಂದ ಸಣ್ಣ ಕಚ್ಚ ಇತ್ತು. ಇದಕ್ಕೂ ಐತಿ.”

“ಅದ ಹೇಳತೇನಿ, ಅಷ್ಟ ಬರಾಬರಿ ಐತಿ!”

“ಹಂಗಲ್ರಿ. ಮಾದರಿ ಕಲ್ಲನ್ನ ನಾ ಬಸ್ಸಿನ ಕಂಡಕ್ಟರ್ ಕೈಯಾಗ ಸವದತ್ತಿ ಬೀಗರಿಗೆ ಕಳಿಸಿದ್ದೆ. ಅವರು ಬೈಲಹೊಂಗಲಕ್ಕ ಕಳಿಸಿದ್ರು. ಅಲ್ಲಿಂದ ಅದು ಕಿತ್ತೂರಿಗೆ ಹೋತಂತ, ಗುರವ್ವನ ಕಡೆ. ನಾವು ಹಿಂಗ ಕಲ್ಲ ಹುಡಕೂದ್ರಿ. ‘ಇಂಥಾದ್ದ ಒಂದ ರಾಮದುರ್ಗದಾವ್ರಿಗೆ ಬೇಕು’ ಅಂತ ಹೇಳಿ ಕಳಿಸಿದ್ದೆ. ಬಾಯಿಂದ ಬಾಯಿಗೆ ಹೋಗೂದ್ರಾಗ ‘ಇದು ರಾಮದುರ್ಗದಾವ್ರಿಗೆ ಬೇಕು’ ಅಂತ ಆಗೈತಿ.”

ಸೋಮವ್ವ ಗಂಡನನ್ನು ನೋಡಿದಳು. “ನಮ್ಮ ಕಲ್ಲ ನೀವು ರೊಕ್ಕಾ ಕೊಟ್ಟ ತಂದ್ರೇನು?”

“ಆಕಿ ಬ್ಯಾಡ ಅಂದ್ಲು,” ಎಂದರು ವೀರಪ್ಪನವರು. “ನಾನ ಒತ್ತಾಯ ಮಾಡಿ ಕೊಟ್ಟೆ.”

ಸೋಮವ್ವ ಖಾಲಿ ಕಟ್ಟೊಂದನ್ನು ತೆಗೆದು, ಆ ಕಲ್ಲನ್ನು ಅದರಲ್ಲೇ ಕೂಡಿಸಲು ಹಣಮಂತಪ್ಪನಿಗೆ ಹೇಳಿದಳು. ಅದರ ಬದಲು ಬೈದಿದ್ದರೆ ವೀರಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮದುವೆಯ ದಿನ ಸೋಮವ್ವ ಒಂದು ಕಿವಿಗೆ ಕಲ್ಲಿನದು, ಇನ್ನೊಂದಕ್ಕೆ ಖಾಲಿ ಕಟ್ಟು ಇಟ್ಟುಕೊಂಡು, ಖಾಲಿಯ ಕಡೆಗೆ ಸೆರಗನ್ನು ಕೆನ್ನೆಯವರೆಗೂ ಎಳೆದುಕೊಂಡಳು. ‘ಬಾಯಿ ಬಿಡಬ್ಯಾಡ್ರಿ’ ಎಂದು ಗಂಡನಿಗೆ ಆಜ್ಞೆಯಾಗಿತ್ತು. ಹಂದರದೊಳಗೆ ಕಾಲಿಟ್ಟರೋ ಇಲ್ಲವೋ, ರಾಚವ್ವ ವೀರಪ್ಪನವರನ್ನು ನೋಡಿ ಎಲ್ಲರೆದುರು ದೊಡ್ಡ ದನಿ ತೆಗೆದಳು:

“ಅಣ್ಣಾರ, ಸಿತಾರಿ ಕಲ್ಲ ಸಿಕ್ತೇನ್ರಿ?”

ವೀರಪ್ಪನವರು ಹೆಂಡತಿಯ ಸೆರಗಿನ ಕಡೆ ನೋಡಿದರು. ಊರೂರು ತಿರುಗಿ ಕಲ್ಲು ಕೇಳಿದ ಸುದ್ದಿ ಅವರಿಗಿಂತ ಮೊದಲೇ ಬಸ್ಸು ಹತ್ತಿ ಇಲ್ಲಿಗೆ ಬಂದಿತ್ತು.

“ಕಂಡಕ್ಟರ್ ಎಲ್ಲಾ ಹೇಳಿದ್ನವಾ,” ರಾಚವ್ವ ಹೆಂಗಸರ ಕಡೆ ತಿರುಗಿದಳು. “ಹೇಣತಿ ಕಿವಿ ಕಲ್ಲಿಗೆ ಅಂಗಡಿ ಮುಚ್ಚಿ ಊರೂರ ಅಡ್ಡಾಡ್ಯಾರಂತ. ನನ್ನ ಗಂಡ ಅದಾನ, ನಾ ಕಳದ್ರೂ ಹುಡಕಾಂವಲ್ಲ!” ಅವಳ ದನಿಯಲ್ಲಿ ಕುಹಕವಿರಲಿಲ್ಲ, ಅಪ್ಪಟ ಹೊಟ್ಟೆಕಿಚ್ಚಿತ್ತು.

ಸೋಮವ್ವನ ಸೆರಗು ಮೆಲ್ಲಗೆ ಕೆನ್ನೆಯಿಂದ ಜಾರಿತು. ಜಾರಿತೋ, ಜಾರಿಸಿದಳೋ. ಅವಳು ಖಾಲಿ ಕಿವಿಯನ್ನೇ ಮುಂದೆ ಮಾಡಿ ನಿಂತಳು. “ಸಿಗಲಿಲ್ಲ ವೈನಿ. ಆದ್ರೂ ಇವರು ಬಿಡಾವ್ರಲ್ಲ,” ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹೆಂಡತಿ ತಮ್ಮನ್ನು ಹೊಗಳಿದ್ದು ಇದೇ ಮೊದಲು. ವೀರಪ್ಪನವರ ಎದೆ ಹಿಗ್ಗಿತು.

ಹಿಗ್ಗಿದ ಎದೆ ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ರಾಚವ್ವನೇ ಸೆರಗಿನ ಗಂಟು ಬಿಚ್ಚಿದಳು: ಒಡೆದ ಹಸಿರು ಕಲ್ಲು. “ಇದರ ಜೋಡೀದೊಂದ ನೋಡ್ರಿ ಅಣ್ಣಾರ.” ಹಿಂದೆಯೇ ನೆರೆಮನೆಯ ಬಾಯವ್ವನ ನತ್ತಿನ ಕೆಂಪು ಹರಳು ಬಂತು. ಯಾರದೋ ಉಂಗುರದ ನೀಲಿ ಬಂತು. ಮದುಮಗನ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಹರಸುತ್ತ ತನ್ನ ಬುಗುಡಿಯನ್ನೇ ಕಳಚಿ ಕೊಟ್ಟಳು.

“ಹಾಕ್ರಿ, ಹಾಕ್ರಿ,” ಸೋಮವ್ವ ಗಂಡನ ಹೆಗಲ ಮೇಲಿನ ವಸ್ತ್ರವನ್ನು ಜೋಳಿಗೆಯಂತೆ ಹಿಡಿದು ಎಲ್ಲರ ಮುಂದೆ ಹಾಯ್ದಳು. “ನಾಳೆ ಮುಂಜಾನೆ ಬಸ್ಸಿಗೆ ಹೊಂಟಾರ.”