ಹಂಗಾಮಿ ಹಣೆ

ಕಟ್ಟಡ ಪರವಾನಗಿ ಕಚೇರಿಯ ದೊಡ್ಡ ಸಾಹೇಬರು ತಮ್ಮ ಇಡೀ ಸೇವಾವಧಿಯಲ್ಲಿ ಯಾರೊಬ್ಬರಿಗೂ ‘ಆಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿದವರಲ್ಲ ಎಂಬುದನ್ನು ಎಲ್ಲರ ಗಮನಕ್ಕೆ ತರಲಾಗಿದೆ. ಬರೆದು ಕೊಟ್ಟವರಂತೂ ಅಲ್ಲವೇ ಅಲ್ಲ. ಬರೆದದ್ದನ್ನು ನಾಳೆ ಯಾರಾದರೂ ತಂದು ಮುಖಕ್ಕೆ ಹಿಡಿದಾರು, ಆಡಿದ್ದಕ್ಕೆ ಯಾರಾದರೂ ಸಾಕ್ಷಿ ನಿಂತಾರು ಅನ್ನೋ ಭಯ ಆ ಮನುಷ್ಯನಿಗೆ. ಆದ್ದರಿಂದ ಅವರ ಆಡಳಿತವೆಲ್ಲ ನಡೆಯುತ್ತಿದ್ದದ್ದು ಹಣೆಯ ಮೇಲೆ.

ಕ್ರಮ ಹೀಗಿತ್ತು. ಕಡತ ಮೇಜಿಗೆ ಬರುತ್ತೆ. ಸಾಹೇಬರು ಅದನ್ನು ನೋಡುತ್ತಾರೆ. ಎದುರು ನಿಂತ ಹೆಡ್ ಗುಮಾಸ್ತ ಸಾಹೇಬರ ಹಣೆಯನ್ನು ನೋಡುತ್ತಾನೆ. ಮೂರು ಗೆರೆ ಎದ್ದರೆ ತಿರಸ್ಕೃತ. ಎರಡಾದರೆ ಆಮೇಲೆ ನೋಡೋಣ. ಒಂದೇ ಗೆರೆಯಾದರೆ ಅರ್ಜಿದಾರ ಗುಮಾಸ್ತನ ಜೊತೆ ಹಿಂದಿನ ಮೆಟ್ಟಿಲ ಹತ್ತಿರ ಹೋಗಿ ಸ್ವಲ್ಪ ಮಾತಾಡಿಕೊಂಡು ಬರಬೇಕು. ಬಂದು ಅದೇ ಕಡತ ಇಟ್ಟರೆ ಗೆರೆ ತಾನಾಗಿ ಮಾಯ. ಗೆರೆಯಿಲ್ಲದ ಹಣೆ ಅಂದರೆ ಮಂಜೂರು. ಇದಕ್ಕೆ ಸುತ್ತೋಲೆಯೂ ಇತ್ತು: “ಅಧಿಕಾರಿಗಳ ಬಾಯಿಮಾತನ್ನು ಆದೇಶವೆಂದು ಪರಿಗಣಿಸತಕ್ಕದ್ದಲ್ಲ. ಹಣೆಯ ಸ್ಥಿತಿಯೇ ಅಂತಿಮ.” ಕೆಳಗೆ ಸಾಹೇಬರದ್ದೇ ರುಜು. ತಾವು ಬಹಳ ನೀತಿವಂತರು ಅಂತ ತೋರಿಸಿಕೊಳ್ಳೋಕೆ ಇನ್ನೊಂದು ಸಾಲನ್ನೂ ಸೇರಿಸಿದ್ದರು: “ಯಾವ ಅಧಿಕಾರಿಯೂ ತನ್ನ ಸ್ವಂತ ಕಡತವನ್ನು ತನ್ನ ಸ್ವಂತ ಹಣೆಯಿಂದ ನೋಡತಕ್ಕದ್ದಲ್ಲ.”

ಆ ಸಾಲೇ ಅವರ ಕೊರಳಿಗೆ ಸುತ್ತಿಕೊಂಡದ್ದು. ಯಾಕೆಂದರೆ ಸಾಹೇಬರಿಗೂ ಒಂದು ಆಸೆಯಿತ್ತು. ಮನೆಯ ಮಾಳಿಗೆ ಮೇಲೆ ಒಂದು ಸಣ್ಣ ಕೋಣೆ. ಒಂದು ಮಂಚ, ಒಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳೋಕೆ ಗಟ್ಟಿ ಚಿಲಕ. ಕೆಳಗೆ ನಡುಮನೆಯಲ್ಲಿ ಅತ್ತೆ ಇದ್ದರು ನೋಡಿ. ಬಾಗಿಲಿಗೆ ಮುಖ ಮಾಡಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ ಹೆಂಗಸು. ಅಳಿಯ ಚಪ್ಪಲಿ ಬಿಡುವ ಸದ್ದಾದರೆ ಸಾಕು, “ಬಂತಾ ಸವಾರಿ? ಈ ಮುಖ ಕಣ್ಣೆದುರಿಂದ ತೊಲಗಿದ್ರೆ ಒಂದು ತುತ್ತು ನೆಮ್ಮದಿಯಾಗಿ ತಿಂದೇನು” ಅನ್ನೋರು. ಮಗಳನ್ನು ಕೊಟ್ಟ ದಿನದಿಂದ ಇದೇ ಮಾತು. ಇಡೀ ಊರಿನ ಮಾಳಿಗೆಗಳು ಸಾಹೇಬರ ಹಣೆಯಡಿ ಇದ್ದರೂ, ಸ್ವಂತ ಮಾಳಿಗೆಯ ಅರ್ಜಿ ಮಾತ್ರ ಅವರದ್ದೇ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು. ನೋಡೋಕೆ ಬೇರೆ ಹಣೆ ಇರಲಿಲ್ಲ.

ಇನ್ನು ನಾದಿನಿಯ ವಿಷಯ. ಸಾಹೇಬರ ಹೆಂಡತಿಯ ತಂಗಿ. ಮುಖದ ಸುಕ್ಕಿಗೆ ಇಂಜೆಕ್ಷನ್ ಕೊಡುವ ಡಾಕ್ಟರು. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಕೂತಲ್ಲೇ ಚುಚ್ಚಿ ವಯಸ್ಸು ಇಳಿಸಿ ಕಳಿಸೋಳು. ಅಕ್ಕನಿಗೇ ಮೊದಲು ಕೈ ಹಚ್ಚಿದ್ದಳು. ಕೆನ್ನೆ ತುಂಬಿಸಿ, ತುಟಿಯನ್ನೂ ತುಂಬಿಸಿದ ಮೇಲೆ ಅಕ್ಕ ಮನೆಯೊಳಗೆ ಬರೋಕಿಂತ ಸ್ವಲ್ಪ ಮುಂಚೆ ಅವರ ತುಟಿ ಬರುತ್ತಿತ್ತು ಅಂತ ನೆರೆಯವರು ಹೇಳುತ್ತಾರೆ. ಈ ನಾದಿನಿ ಕಾರ್ ಶೆಡ್ಡನ್ನು ಚಿಕಿತ್ಸಾ ಕೋಣೆ ಮಾಡೋಕೆ ಅರ್ಜಿ ಹಾಕಿದ್ದಳು. ಸಾಹೇಬರ ಹಣೆಯಲ್ಲಿ ಒಂದು ಗೆರೆ ಎದ್ದಿತು.

“ಮೆಟ್ಟಿಲ ಹತ್ರ ಬನ್ನಿ ಮೇಡಂ,” ಅಂದ ಗುಮಾಸ್ತ.

“ನಾನ್ಯಾಕೆ ಬರ್ಲಿ? ನನ್ನ ಸ್ವಂತ ಭಾವ ಅವ್ರು!”

“ಅವರಿಗೆ ನೀವು ನಾದಿನಿ ಮೇಡಂ. ಮೆಟ್ಟಿಲಿಗೆ ಎಲ್ಲರೂ ಒಂದೇ.”

ನಾದಿನಿ ಮೆಟ್ಟಿಲಿಗೆ ಹೋಗದೆ, ಆ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದಳು. ಊಟದ ನಡುವೆ ಭಾವನ ಹಣೆಯನ್ನೇ ನೋಡಿ, “ಭಾವ, ಒಂದು ಸೂಜಿ ಹಾಕ್ಲಾ? ನಿಮ್ಮ ಹಣೆ ಹಿಂಡಿಟ್ಟು ಮರೆತ ಬಟ್ಟೆ ಥರ ಇದೆ,” ಅಂದಳು.

“ಅದರಿಂದಲೇ ಸಂಸಾರ ನಡೀತಿರೋದು,” ಅಂದರು ಸಾಹೇಬರು.

“ಏನು ನಡೀತಿದೆ?” ಹೆಂಡತಿ ಸೌಟು ಕುಕ್ಕಿದರು. “ಮೊನ್ನೆ ಅಂಗಡಿಯವನು ಕೇಳ್ತಾನೆ, ‘ನಿಮ್ಮ ಮಾವನವರು ಆರಾಮಾ ಅಮ್ಮಾ?’ ಅಂತ. ರೀ, ಅವನು ಕೇಳಿದ್ದು ನಿಮ್ಮನ್ನ!”

“ಗೋಡೆಗೆ ಸುಣ್ಣ ಬಳಿದ್ರೆ ಒಳಗಿರೋ ಹೆಗ್ಗಣ ಹೋಗುತ್ತಾ?” ಅಂದರು ಕುರ್ಚಿಯಿಂದ ಅತ್ತೆ.

ಅತ್ತೆ ಬೇಡ ಅಂದದ್ದನ್ನು ಮಾಡೋದರಲ್ಲಿ ಸಾಹೇಬರಿಗೆ ಒಂದು ಸುಖವಿತ್ತು. ಕೂತರು, ಕಣ್ಣು ಮುಚ್ಚಿದರು.

“ಇರುವೆ ಕಚ್ಚಿದ ಹಾಗೆ ಭಾವ, ಅಷ್ಟೇ.”

“ಅಯ್ಯೋ! ಇದೆಂಥ ಇರುವೆನಮ್ಮಾ, ಹಲ್ಲಿರೋದು!”

ಎರಡು ಮೂರು ದಿನದಲ್ಲಿ ಮದ್ದು ಹಿಡಿಯಿತು. ಸಾಹೇಬರ ಹಣೆ ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆಯಂತಾಯಿತು. ಅದೇ ವಾರ ನಾದಿನಿಯ ಕಡತ ಎಲ್ಲದರ ಮೇಲೆ ಬಂದು ಕೂತಿತ್ತು.

ಗುಮಾಸ್ತ ಹಣೆ ನೋಡಿದ. ಕಿಟಕಿಯ ಪರದೆ ಸರಿಸಿ ಬೆಳಕು ಮಾಡಿ ಮತ್ತೆ ನೋಡಿದ. ತನ್ನ ಕನ್ನಡಕ ಒರೆಸಿಕೊಂಡ. ಒಂದೂ ಗೆರೆಯಿಲ್ಲ. ಮೆಟ್ಟಿಲಿಗೆ ಹೋಗದ ಕಡತವೊಂದಕ್ಕೆ ಆ ಕಚೇರಿಯಲ್ಲಿ ಮಂಜೂರಾತಿಯ ಮುದ್ರೆ ಬಿದ್ದದ್ದು ಅದೇ ಮೊದಲು.

ಎರಡನೆಯ ಕಡತದವನು ನಾಲ್ಕನೇ ಮಹಡಿ ಕಟ್ಟಬೇಕೆಂದಿದ್ದ. ಅದರ ಮೆಟ್ಟಿಲು ಪಕ್ಕದ ಮನೆಯವರ ಅಡುಗೆಮನೆಯೊಳಗೆ ಇಳಿಯುತ್ತಿತ್ತು. ಸಾಹೇಬರು ಹಲ್ಲು ಕಚ್ಚಿದರು, ಉಸಿರು ಬಿಗಿಹಿಡಿದರು, ಮುಖ ಕೆಂಪಗಾಯಿತು. ಕೊನೆಗೆ ಎರಡು ಕಿವಿಗಳು ಸ್ವಲ್ಪ ಅಲ್ಲಾಡಿದವು.

“ಕಿವಿಗೆ ಸುತ್ತೋಲೆಯಲ್ಲಿ ಸ್ಥಾನವಿಲ್ಲ ಸಾರ್,” ಅಂದ ಗುಮಾಸ್ತ.

“ಬೇಡ, ಬೇಡ ಅಂತಿದೀನಲ್ಲಯ್ಯಾ!”

“ಬಾಯಿಮಾತಿಗೂ ಇಲ್ಲ ಸಾರ್. ನಿಮ್ಮದೇ ರುಜು.” ಮುದ್ರೆ ಬಿತ್ತು.

ಆಮೇಲೆ ಎಲ್ಲವೂ ಮಂಜೂರು. ನೀರಿನ ಟ್ಯಾಂಕಿನ ನೆತ್ತಿ ಮೇಲೆ ಟೀ ಅಂಗಡಿ ಬಂತು. ಒಬ್ಬ ಪುಣ್ಯಾತ್ಮ ಕಾಲುದಾರಿಯನ್ನೇ ತನ್ನ ಸ್ನಾನದ ಕೋಣೆ ಮಾಡಿಕೊಂಡ. ದಾರಿಹೋಕರು ಬಾಗಿಲು ತಟ್ಟಿ, ಅವನು ಮೈ ಒರೆಸಿಕೊಳ್ಳುವ ತನಕ ನಿಂತು, ಆಮೇಲೆ ಹಾದುಹೋಗುತ್ತಿದ್ದರು. ಯಾರೂ ತಕರಾರು ಮಾಡಲಿಲ್ಲ. ಪರವಾನಗಿ ಇತ್ತಲ್ಲ.

ತಕರಾರು ಎದ್ದದ್ದು ಕಚೇರಿಯ ಒಳಗೆ. ಹಿಂದಿನ ಮೆಟ್ಟಿಲಿನಲ್ಲಿ ಜೇಡ ಬಲೆ ಕಟ್ಟಿತು. ಗುಮಾಸ್ತನ ಮನೆಗೆ ಹಣ್ಣಿನ ಬುಟ್ಟಿ ಬರೋದು ನಿಂತುಹೋಯಿತು. ಹಣ್ಣನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಾರೆ ಅನ್ನೋದು ಅವನ ಮಕ್ಕಳಿಗೆ ಆಗಲೇ ಗೊತ್ತಾದದ್ದು. ಮಂಜೂರಾತಿ ಸಿಕ್ಕವರಿಗೂ ಸಮಾಧಾನವಿಲ್ಲ. “ಇಷ್ಟು ಸಲೀಸಾಗಿ ಕೊಟ್ರಲ್ಲ, ಇದು ಅಸಲಿನಾ?” ಅಂತ ವಾಪಸ್ ಬಂದು, ಒಂದಾದರೂ ಗೆರೆ ತೋರಿಸಿ ಅಂತ ಬಾಗಿಲಲ್ಲಿ ಗೋಗರೆಯುತ್ತಿದ್ದರು. ನೌಕರರ ಸಂಘ ಮನವಿ ಕೊಟ್ಟಿತು: “ಸಾಹೇಬರ ಹಣೆಯನ್ನು ಕೂಡಲೇ ಪೂರ್ವಸ್ಥಿತಿಗೆ ತರತಕ್ಕದ್ದು.”

ಸಾಹೇಬರು ನಾದಿನಿಗೆ ಫೋನ್ ಮಾಡಿದರು. “ಇದನ್ನ ಇಳಿಸೋ ಮದ್ದು ಕೊಡಮ್ಮ.”

“ಅದಕ್ಕೆ ಮದ್ದಿಲ್ಲ ಭಾವ. ಮೂರ್ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತೆ. ಅಂದ ಹಾಗೆ, ಶೆಡ್ಡಿಗೆ ಟೈಲ್ಸ್ ಹಾಕಿಸಿದೆ, ಬಂದು ನೋಡಿ.”

ಗುಮಾಸ್ತ ನಿಯಮಗಳನ್ನು ತಿರುವಿಹಾಕಿದ. ಅಧಿಕಾರಿ ರಜೆ ಹೋದರೆ ಇನ್ನೊಬ್ಬರನ್ನು ಹಂಗಾಮಿಯಾಗಿ ಕೂರಿಸಬಹುದು. ಅಧಿಕಾರಿ ಇದ್ದು ಹಣೆ ಮಾತ್ರ ರಜೆ ಹೋಗಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಬಾಗಿಲಿಗೆ ಪ್ರಕಟಣೆ ಅಂಟಿಸಿದರು: “ಹಂಗಾಮಿ ಹಣೆ ಬೇಕಾಗಿದೆ. ಗೆರೆಗಳು ಅಡ್ಡವಾಗಿರತಕ್ಕದ್ದು, ಸ್ಪಷ್ಟವಾಗಿರತಕ್ಕದ್ದು, ಬೇಕೆಂದಾಗ ಏಳತಕ್ಕದ್ದು.” ಬಂದ ಹಣೆಗಳು ಒಂದೂ ಸರಿಯಿಲ್ಲ. ನಿವೃತ್ತ ಮೇಷ್ಟರದ್ದು ಅಡ್ಡ ಗೆರೆಯಲ್ಲ, ಉದ್ದ ಗೆರೆ. ಬಟ್ಟೆ ಅಂಗಡಿ ಯಜಮಾನನದ್ದು ಇಷ್ಟು ವರ್ಷ ಗಿರಾಕಿಗಳಿಗೆ ನಕ್ಕು ನಕ್ಕು ಹಾಳಾಗಿತ್ತು. ಉಳಿದವರಲ್ಲಿ ಅನುಕೂಲಸ್ಥರೆಲ್ಲ ಆಗಲೇ ನಾದಿನಿಯ ಶೆಡ್ಡಿಗೆ ಹೋಗಿಬಂದಿದ್ದರು.

ಹೀಗಿರುವಾಗ ಒಂದು ಸಂಜೆ ಗುಮಾಸ್ತ ರುಜುವಿಗೆ ಅಂತ ಸಾಹೇಬರ ಹಿಂದೆಯೇ ಅವರ ಮನೆಗೆ ಬಂದ. ಸಾಹೇಬರು ಚಪ್ಪಲಿ ಬಿಟ್ಟರು. ಬೆತ್ತದ ಕುರ್ಚಿಯಿಂದ ಅತ್ತೆ ತಲೆ ಎತ್ತಿದರು. ಹಣೆ ಮೇಲೆ ಒಂದು, ಎರಡು, ಮೂರು ಗೆರೆ ಪಟಪಟ ಎದ್ದು ನಿಂತವು.

ಗುಮಾಸ್ತನ ಕೈಯಿಂದ ಕಡತ ಜಾರಿತು. “ಸಾರ್,” ಅಂದ, ಕಣ್ಣಲ್ಲಿ ನೀರು. “ಇದು ಹಣೆಯಲ್ಲ ಸಾರ್. ಇದು ಕೇಂದ್ರ ಕಚೇರಿ!”

ಸಾಹೇಬರ ತಲೆಯೊಳಗೆ ತಮ್ಮ ಅರ್ಜಿ ಬಿದ್ದಿದ್ದ ಡ್ರಾಯರು ತೆರೆದುಕೊಂಡಿತು. ಬೇರೆ ಹಣೆ ಅಂದರೆ ಬೇರೆ ಹಣೆಯೇ. ಅದೂ ಯಾರದ್ದು? ಈ ಮುಖ ತೊಲಗಲಿ ಅಂತ ಮೂರು ಹೊತ್ತೂ ಹಾರೈಸುವ ಅತ್ತೆಯದ್ದು! ಮಾಳಿಗೆ ಕೋಣೆಗೆ ಅವರಿಗಿಂತ ಸಂತೋಷವಾಗಿ ಒಪ್ಪಿಗೆ ಕೊಡೋರು ಇನ್ಯಾರು? ನೇಮಕಾತಿಗೆ ಅಲ್ಲೇ, ಕಾಗದವನ್ನು ಗೋಡೆಗೆ ಒತ್ತಿ ರುಜು ಹಾಕಿದರು.

ಬೆತ್ತದ ಕುರ್ಚಿ ಕಚೇರಿಗೆ ಬಂತು. ಸಾಹೇಬರ ಕುರ್ಚಿಯನ್ನು ಗೋಡೆ ಕಡೆಗೆ ಸರಿಸಲಾಯಿತು.

“ನಂಗೆ ಓದೋಕೆ ಬರಲ್ಲಪ್ಪ,” ಅಂದರು ಅತ್ತೆ.

“ಪರವಾಗಿಲ್ಲ ಅಮ್ಮ. ಸಾಹೇಬರೂ ಓದ್ತಿರಲಿಲ್ಲ,” ಅಂದ ಗುಮಾಸ್ತ.

ಮೊದಲ ದಿನವೇ ಒಂದು ತೊಡಕು ಕಂಡಿತು. ಬೇರೆಯವರನ್ನು ನೋಡಿದರೆ ಅತ್ತೆಗೆ ಅಷ್ಟೇನೂ ಸಿಟ್ಟು ಬರುತ್ತಿರಲಿಲ್ಲ. ಸಾಹೇಬರು ಟೀ ಕುಡಿಯೋಕೆ ಎದ್ದು ಹೋದರೆ ಗೆರೆಗಳು ಮಂಕಾಗಿ ಹಣೆ ನುಣ್ಣಗಾಗಿಬಿಡೋದು. ಅವರು ಬಾಯಿ ಒರೆಸಿಕೊಂಡು ಒಳಗೆ ಬಂದರೆ ಮೂರೂ ಹಾಜರು. ಅದಕ್ಕೆ ಗುಮಾಸ್ತ ಒಂದು ಏರ್ಪಾಡು ಮಾಡಿದ. ಸಾಹೇಬರನ್ನು ಅತ್ತೆಯ ಎದುರು ಕೂರಿಸಿ ಮೂರು ಗೆರೆ ಎಬ್ಬಿಸೋದು. ಮೆಟ್ಟಿಲಿಗೆ ಹೋಗಿಬಂದ ಕಡತವಾದರೆ ಅಷ್ಟು ಹೊತ್ತು ಸಾಹೇಬರನ್ನು ಹೊರಗೆ ಕಳಿಸೋದು. “ಸಾರ್, ಸ್ವಲ್ಪ ವರಾಂಡಕ್ಕೆ” ಅಂದರೆ ಸಾಹೇಬರು ಎದ್ದು ಹೋಗಬೇಕು. “ಸಾರ್, ಒಳಗೆ” ಅಂದರೆ ಬರಬೇಕು. ಜೇಡರ ಬಲೆ ಹರಿಯಿತು. ಹಣ್ಣಿನ ಬುಟ್ಟಿಗಳು ಬಂದವು, ಅತ್ತೆಗೆ ಮೆತ್ತನೆ ಶಾಲುಗಳೂ ಬಂದವು. ಕಚೇರಿಗೆ ಮತ್ತೆ ಜೀವ ಬಂತು.

ಸಾಹೇಬರು ವರಾಂಡಕ್ಕೂ ಒಳಕ್ಕೂ ತಿರುಗುತ್ತ ಸರದಿ ಕಾದರು. ತಿಂಗಳುಗಳು ಕಳೆದ ಮೇಲೆ ಅವರ ಕಡತವೂ ಮೇಲೆ ಬಂತು. ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅರ್ಜಿದಾರರು ನಿಲ್ಲುವ ಜಾಗದಲ್ಲಿ ಕೈಕಟ್ಟಿ ನಿಂತರು.

“ಅರ್ಜಿದಾರರು: ನಮ್ಮ ಸಾಹೇಬರು,” ಗುಮಾಸ್ತ ಓದಿದ. “ಕೋರಿಕೆ: ಮಾಳಿಗೆ ಮೇಲೆ ಒಂದು ಕೋಣೆ. ಕಾರಣ: ನೆಮ್ಮದಿ.”

ಅತ್ತೆ ನೋಡಿದರು. ಒಂದು ಗೆರೆ. ಎರಡು. ಮೂರು.

“ತಿರಸ್ಕೃತ,” ಅಂದ ಗುಮಾಸ್ತ.

“ಅತ್ತೇ!” ಸಾಹೇಬರ ದನಿ ಒಡೆಯಿತು. “ಕಣ್ಣೆದುರಿಂದ ತೊಲಗಲಿ ಅಂತ ದಿನಾ ನೀವೇ ಅಲ್ವಾ ಹೇಳೋದು?”

“ಅದು ಮನೆ ಮಾತು ಅಳಿಯಂದಿರೇ. ಇದು ಕಚೇರಿ.” ಅತ್ತೆ ಶಾಲು ಸರಿಮಾಡಿಕೊಂಡರು. “ನೀವು ಮೇಲೆ ಹೋಗಿ ಚಿಲಕ ಹಾಕ್ಕೊಂಡು ಬಿದ್ದುಕೊಂಡ್ರೆ ನಾನು ಯಾರ ಮುಖ ನೋಡಿ ಗೆರೆ ಎಬ್ಬಿಸ್ಲಿ? ಬೆಳಿಗ್ಗೆ ಸಂಜೆ ನಿಮ್ಮನ್ನ ನೋಡ್ತಿದ್ರೇನೇ ಇದು ಹದವಾಗಿರೋದು. ಕೊಟ್ಟ ಕೆಲಸಕ್ಕೆ ದ್ರೋಹ ಮಾಡ್ಲಾ?”

ಆಗ ಸಾಹೇಬರ ಹಣೆಯಲ್ಲಿ ಏನೋ ಚುಳ್ ಎಂದಿತು. ಮದ್ದು ಇಳಿಯುವ ಕಾಲ ಬಂದಿತ್ತು. ಹುಬ್ಬು ಕದಲಿತು. ನುಣ್ಣನೆ ಹಣೆಯ ನಟ್ಟನಡುವೆ ಒಂದು ಸಣ್ಣ ಗೆರೆ ನಾಚಿಕೊಂಡು ತಲೆ ಎತ್ತಿತು. ಸಾಹೇಬರು ಬೆರಳಿನಿಂದ ಮುಟ್ಟಿ ನೋಡಿಕೊಂಡರು. “ಬಂತು! ಬಂತು ಕಣಯ್ಯಾ! ನೋಡು!”

ಗುಮಾಸ್ತ ನೋಡಿದ. ಅವನ ಮುಖ ಗಂಭೀರವಾಯಿತು. “ಸಾರ್, ದಯವಿಟ್ಟು ಅದನ್ನ ಇಳಿಸಿ.”

“ಯಾಕಯ್ಯಾ ಇಳಿಸ್ಲಿ? ನನ್ನ ಹಣೆ!”

“ಹಣೆ ನಿಮ್ಮದೇ ಸಾರ್, ಇಲ್ಲ ಅನ್ನಲ್ಲ. ಗೆರೆ ಕಚೇರಿಯದ್ದು. ಒಂದೇ ಕೋಣೇಲಿ ಎರಡು ಹಣೆ ಎದ್ರೆ ಜನ ಯಾವುದನ್ನ ನೋಡ್ಕೊಂಡು ಮೆಟ್ಟಿಲಿಗೆ ಬರಬೇಕು?”

ಅನಧಿಕೃತ ಗೆರೆ ಎಬ್ಬಿಸಿದ್ದಕ್ಕಾಗಿ ಸಾಹೇಬರಿಗೆ ಅಲ್ಲೇ ನೋಟಿಸು ಕೊಡಲಾಯಿತು. ಅವರ ಕೈಯಿಂದಲೇ ಅದಕ್ಕೆ ರುಜುವನ್ನೂ ಮಾಡಿಸಲಾಯಿತು, ರುಜುವಿನ ಅಧಿಕಾರ ಇನ್ನೂ ಅವರದ್ದೇ ಆದ್ದರಿಂದ. ಮಧ್ಯಾಹ್ನದ ಹೊತ್ತಿಗೆ ನಾದಿನಿ ಚೀಲ ಹಿಡಿದು ಬಂದಳು. ನೌಕರರೆಲ್ಲ ಬಾಗಿಲಲ್ಲಿ ಸೇರಿ ನೋಡಿದರು. “ಇರುವೆ ಕಚ್ಚಿದ ಹಾಗೆ ಭಾವ,” ಅಂದಳು. ಸಾಹೇಬರು ಈ ಸಲ ತಾವಾಗಿಯೇ ಹಣೆ ಮುಂದೆ ಚಾಚಿದರು.

ಸದರಿ ಹಣೆಯನ್ನು ಕಾಲಕಾಲಕ್ಕೆ ನುಣುಪಾಗಿಡುವ ಖರ್ಚನ್ನು ಕಚೇರಿ ಗೋಡೆಗಳ ಗಾರೆ ಕೆಲಸದ ಬಾಬ್ತಿಗೆ ಹಾಕಲಾಗಿದೆ. ಹಂಗಾಮಿ ಹಣೆಯ ಹದ ಕೆಡದಂತೆ ಸಾಹೇಬರು ಕಚೇರಿಯಲ್ಲೂ ಮನೆಯಲ್ಲೂ ಅತ್ತೆಯ ಕಣ್ಣೆದುರೇ ಇರತಕ್ಕದ್ದೆಂದು ಆದೇಶವಾಗಿದೆ. ಅವರು ಇದ್ದಾರೆ. ಸಂಜೆ ನಡುಮನೆಯಲ್ಲಿ ಬೆತ್ತದ ಕುರ್ಚಿಯ ಎದುರು ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಅತ್ತೆ ನೋಡುತ್ತಾರೆ, ಗೆರೆಗಳು ಏಳುತ್ತವೆ, ಹಣೆ ನಾಳೆಯ ಕೆಲಸಕ್ಕೆ ತಯಾರಾಗುತ್ತದೆ. ಹೆಂಡತಿ ಮಾತ್ರ ಆ ಅಂಗಡಿಗೆ ಹೋಗೋದನ್ನೇ ಬಿಟ್ಟಿದ್ದಾರೆ. ಅಂಗಡಿಯವನು ಈಚೆಗೆ “ನಿಮ್ಮ ಮಗ ಆರಾಮಾ ಅಮ್ಮಾ?” ಅಂತ ಕೇಳಿದನಂತೆ.

ಸಾಹೇಬರಿಗೆ ಇದರಿಂದ ಬೇಸರವಾಗಿದೆಯೇ ಎಂದು ನೌಕರರ ಸಂಘದವರು ಒಮ್ಮೆ ವಿಚಾರಿಸಲು ಹೋಗಿದ್ದರು. ಅವರು ಬಾಯಲ್ಲಿ ಏನೋ ಹೇಳಿದರಂತೆ. ಹಣೆಯ ಮೇಲೆ ಯಾವ ಗುರುತೂ ಕಾಣದ ಕಾರಣ, ಬೇಸರವಾಗಿಲ್ಲವೆಂದು ಪರಿಗಣಿಸಿ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ.