ಪುಸ್ತಕದಲ್ಲಿಲ್ಲದ ಬೆಕ್ಕು

ಹೆಂಡತಿ ಪುಸ್ತಕ ಬರೆದರೆ ಗಂಡನಿಗೇನು ಕಷ್ಟ ಎಂದು ಕೇಳುವವರ ಮನೆಯಲ್ಲಿ ಇನ್ನೂ ಯಾರೂ ಪುಸ್ತಕ ಬರೆದಿರುವುದಿಲ್ಲ. ಕನ್ನಡಕದಂಗಡಿಯ ಯಜಮಾನರ ಮನೆಯಲ್ಲಿ ಬರೆದಿದ್ದರು. ಅದು ಅಚ್ಚಾಗಿ, ಬೆನ್ನು ತಿರುಗಿಸಿ ನಿಂತ ಹುಡುಗಿಯೊಬ್ಬಳ ಚಿತ್ರವನ್ನು ಹೊದ್ದುಕೊಂಡು ಮನೆಗೂ ಬಂದಿತ್ತು. ಹೆಸರು 'ಕೇಳಿಸಿಕೊಂಡವಳು'. ಹದಿಹರೆಯದವರಿಗೆಂದು ಬರೆದ ಮಾಟದ ಪತ್ತೇದಾರಿ ಕಾದಂಬರಿ. ಅದರಲ್ಲಿ ಹದಿನಾರರ ಮಾಟಗಾತಿಯೊಬ್ಬಳಿದ್ದಾಳೆ. ಯಾರದೇ ವಸ್ತುವನ್ನು ಮುಟ್ಟಿದರೂ ಅವರ ಬಾಯಿಗೆ ಬಾರದ ಮಾತು ಅವಳ ಕಿವಿಗೆ ಕೇಳಿಸುತ್ತದೆ. ಒಂದು ದಿನ ಸಂಗೀತದ ಮೇಷ್ಟರು ಕಾಣೆಯಾಗುತ್ತಾರೆ, ಹುಡುಗಿ ಹುಡುಕಿ ಹೊರಡುತ್ತಾಳೆ. ಇಷ್ಟು ಕಥೆ ಯಜಮಾನರಿಗೂ ಗೊತ್ತಿತ್ತು, ಏಕೆಂದರೆ ಇಷ್ಟು ಹಿಂಬದಿಯ ರಟ್ಟಿನ ಮೇಲೆಯೇ ಇತ್ತು.

ಯಜಮಾನರು ಓದುವ ಪೈಕಿ ಅಲ್ಲ. ಊರಿನ ಅರ್ಧ ಜನ ಅವರು ಕೊಟ್ಟ ಕನ್ನಡಕದಲ್ಲೇ ಓದುತ್ತಾರೆ, ಆ ಮಾತು ಬೇರೆ. ಅವರಿಗೆ ಗೊತ್ತಿದ್ದ ಗ್ರಂಥ ಒಂದೇ, ಅಂಗಡಿಯ ಗೋಡೆಯ ಮೇಲಿನ ಅಕ್ಷರದ ಹಲಗೆ. ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆ ಸಣ್ಣ ಅಕ್ಷರ. ಪುಸ್ತಕ ಸಿಕ್ಕರೂ ಅದೇ ಕ್ರಮ: ಮೊದಲು ಪುಸ್ತಕದ ಹೆಸರು, ಆಮೇಲೆ ಬರೆದವರ ಹೆಸರು, ಆಮೇಲೆ ಅಕ್ಷರ ಸಣ್ಣದಾಯಿತೆಂದು ಮುಚ್ಚಿಡುವುದು. (ಹೆಂಡತಿಯ ಹೆಸರು ಹೊದಿಕೆಯ ಮೇಲೆ ದಪ್ಪಕ್ಷರದಲ್ಲೇ ಇತ್ತು. ಅದನ್ನು ಅವರು ಎರಡು ಸಲ ಓದಿದ್ದರು.)

ಊಟದ ಮೇಜಿನ ಒಂದು ಮೂಲೆಯಲ್ಲಿ ಕುಳಿತು, ಒಲೆಯ ಮೇಲಿನದು ಸೀದುಹೋಗದಂತೆ ಒಂದು ಕಣ್ಣಿಟ್ಟುಕೊಂಡು ಆಕೆ ಈ ಕಾದಂಬರಿ ಬರೆದದ್ದು. ಆಗಾಗ ಒಂದೊಂದು ಪುಟ ಓದಿ ಹೇಳುತ್ತಿದ್ದಳು. ಯಜಮಾನರು "ಹೂಂ" ಎನ್ನುತ್ತಿದ್ದರು. ಆ ಮನೆಯಲ್ಲಿ ಅವರ 'ಹೂಂ'ಗೆ ಹೌದು, ಬೇಡ, ಸಾಕು, ಊಟಕ್ಕೇನು ಮುಂತಾದ ಹಲವು ಅರ್ಥಗಳಿದ್ದವು. ಅವು ಎಲ್ಲರಿಗೂ ತಿಳಿಯುತ್ತವೆ ಎಂಬ ನೆಮ್ಮದಿಯಲ್ಲಿ ಅವರು ಸಂಸಾರ ಮಾಡಿಕೊಂಡು ಬಂದಿದ್ದರು.

ಪುಸ್ತಕ ಕೈಗೆ ಕೊಟ್ಟು ಹೆಂಡತಿ ಒಂದೇ ಮಾತು ಹೇಳಿದ್ದಳು. "ಬೇರೆಯವರು ಏನಂದ್ರೂ ಅನ್ನಲಿ ರೀ. ನೀವು ಓದಿ, ಏನನ್ನಿಸ್ತು ಅಂತ ಹೇಳಿ. ಈಗ ಬರೀತಿರೋ ಎರಡನೇದನ್ನ ಯಾರಿಗಾದ್ರೂ ತೋರಿಸ್ಬೇಕೋ, ಕಟ್ಟಿ ಅಟ್ಟಕ್ಕೆ ಹಾಕ್ಬೇಕೋ, ಆಮೇಲೆ ನೋಡ್ತೀನಿ."

"ಹೂಂ," ಎಂದಿದ್ದರು ಯಜಮಾನರು.

ಈ ಸಲದ 'ಹೂಂ'ಗೆ ಗಡುವು ಇತ್ತೆಂದು ಅವರಿಗೆ ಹೊಳೆಯಲಿಲ್ಲ. ಹೆಂಡತಿ ಕೇಳಲಿಲ್ಲ. ಕೇಳದೇ ಇರುವುದೇ ದೊಡ್ಡ ಕೇಳುವಿಕೆಯಾಗಿ ಮನೆ ತುಂಬ ಸುಳಿದಾಡತೊಡಗಿತು. ಕಾಫಿ ತಂದಿಟ್ಟಾಗ ಅರೆಗಳಿಗೆ ನಿಲ್ಲುವಳು, ಹೋಗುವಳು. ಅಂಗಡಿಯಿಂದ ಬಂದಾಗ ಮುಖ ನೋಡುವಳು, ಹೋಗುವಳು. ಯಜಮಾನರು ಆಗಾಗ ಪುಸ್ತಕ ಕೈಗೆತ್ತಿಕೊಳ್ಳುತ್ತಿದ್ದರು. ತೆರೆದರೆ ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದಾಡುತ್ತಿದ್ದವು. ಅಚ್ಚು ಮಾಡಿದವನು ಶಾಯಿಯಲ್ಲಿ ಜಿಪುಣತನ ಮಾಡಿದ್ದಾನೆ ಎಂದು ಬೈದುಕೊಂಡು ಮುಚ್ಚುತ್ತಿದ್ದರು.

ದಾರಿ ತೋರಿಸಿದ್ದು ಮಗಳು. "ಅಪ್ಪಾ, ಅಮ್ಮನ ಪುಸ್ತಕಕ್ಕೆ ಎಷ್ಟೊಂದು ರಿವ್ಯೂ ಬಂದಿದೆ ನೋಡು," ಎಂದು ಫೋನಿನಲ್ಲಿ ಪುಸ್ತಕ ಮಾರುವವರ ಪುಟವನ್ನು ತೆಗೆದು, ಅಕ್ಷರವನ್ನು ದೊಡ್ಡದು ಮಾಡಿ ಕೈಗಿಟ್ಟಳು. ಓದುಗ ಮಹಾಶಯರು ಒಬ್ಬರಾದ ಮೇಲೊಬ್ಬರು ಅಲ್ಲಿ ಎದೆ ಬಿಚ್ಚಿಟ್ಟಿದ್ದರು.

'ಒಂದೇ ಉಸಿರಿಗೆ ಓದಿದೆ. ಪರೀಕ್ಷೆ ಹೋಯಿತು. ಐದು ನಕ್ಷತ್ರ.'

'ಮಗಳಿಗೆಂದು ತಂದು ನಾನೇ ಮೊದಲು ಓದಿ, ಕಳ್ಳ ಯಾರೆಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಥಾಹಂದರ ಬಿಗಿಯಾಗಿದೆ.'

'ಪುಸ್ತಕದ ಮೂಲೆ ಮಡಚಿತ್ತು. ಎರಡು ನಕ್ಷತ್ರ. ಕಥೆ ಇನ್ನೂ ಓದಿಲ್ಲ.'

'ಮಾಟ ಕಡಿಮೆ, ಮನೆಗೆಲಸ ಜಾಸ್ತಿ. ಅಷ್ಟು ಶಕ್ತಿ ಇರುವ ಮಾಟಗಾತಿ ಪಾತ್ರೆ ಯಾಕೆ ತೊಳೆಯಬೇಕು?'

'ಎಲ್ಲ ಚೆನ್ನ. ಆದರೆ ಆ ಹುಡುಗಿಯ ಅಪ್ಪ ಯಾಕಿದ್ದಾನೋ ತಿಳಿಯಲಿಲ್ಲ. ಮನೆಯಲ್ಲಿ ಇನ್ನೊಂದು ಕುರ್ಚಿ ಇದ್ದ ಹಾಗಿದ್ದಾನೆ.'

ಈ ಕೊನೆಯದನ್ನು ಓದಿ ಯಜಮಾನರು ಹೊಟ್ಟೆ ಕುಣಿಯುವಂತೆ ನಕ್ಕರು. "ಎಂಥೆಂಥ ಅಪ್ಪಂದಿರು ಇರ್ತಾರಪ್ಪ ಲೋಕದಲ್ಲಿ!" ಎಂದರು. ಮಗಳು ಅವರನ್ನೊಮ್ಮೆ ನೋಡಿ ಒಳಗೆ ಹೋದಳು.

ಎಲ್ಲಕ್ಕಿಂತ ಉದ್ದದ ಅಭಿಪ್ರಾಯ 'ಹಿರಿಯ ಓದುಗರು' ಎಂಬುವರದು. 'ಕೊನೆಯಲ್ಲಿ ಆ ಕುರುಡು ಕರಿಬೆಕ್ಕು ಹುಡುಗಿಯ ಮಡಿಲಲ್ಲಿ ತಲೆಯಿಟ್ಟು ಪ್ರಾಣ ಬಿಡುವಾಗ ಕಣ್ಣೀರು ತಡೆಯಲಾಗಲಿಲ್ಲ. ಇಡೀ ಪುಸ್ತಕದ ಜೀವ ಇರುವುದು ಆ ಬೆಕ್ಕಿನಲ್ಲಿ' ಎಂದು ಅವರು ಬರೆದಿದ್ದರು.

ಯಜಮಾನರ ತಲೆಯಲ್ಲಿ ದೀಪ ಹತ್ತಿತು. ಇಷ್ಟು ಜನ ಅಗಿದು ನುರಿಸಿ ರಸ ತೆಗೆದಿಟ್ಟಿರುವಾಗ ತಾವು ಮತ್ತೆ ಕಬ್ಬು ಕಚ್ಚುವುದೇಕೆ? ಇಡೀ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು ಅಭಿಪ್ರಾಯಗಳನ್ನು ಬಾಯಿಪಾಠ ಮಾಡಿದರು. ಕಣ್ಣು ತೋರಿಸಲು ಬಂದ ಗಿರಾಕಿಯೊಬ್ಬರಿಗೆ "ಕೆಳಗಿನ ಸಾಲು ಓದಿ" ಎನ್ನುವ ಬದಲು "ಪಾತ್ರಪೋಷಣೆ ಅಮೋಘ" ಎಂದುಬಿಟ್ಟರು. ಗಿರಾಕಿ ಅದನ್ನು ಹಲಗೆಯ ಮೇಲೆ ಬಹಳ ಹೊತ್ತು ಹುಡುಕಿದರು.

ಆ ಸಂಜೆ ಊಟಕ್ಕೆ ಎಲ್ಲರೂ ಇದ್ದರು: ಹೆಂಡತಿ, ಮಗಳು, ಮತ್ತು ಮನೆಯವರೆಲ್ಲ ಅಜ್ಜಿ ಎಂದು ಕರೆಯುವ ಯಜಮಾನರ ತಾಯಿ. ಯಜಮಾನರು ಗಂಟಲು ಸರಿಮಾಡಿಕೊಂಡರು.

"ನಿನ್ನ ಪುಸ್ತಕ ಓದಿದೆ ಕಣೇ."

ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಓದಿದ್ರಾ? ಪೂರ್ತಿನಾ?"

"ಒಂದೇ ಉಸಿರಿಗೆ. ಕಥಾಹಂದರ ಬಿಗಿಯಾಗಿದೆ. ಪಾತ್ರಪೋಷಣೆ ಅಂತೂ ಅಮೋಘ. ಮಾಟ ಸ್ವಲ್ಪ ಕಡಿಮೆ ಆಯ್ತೇನೋ. ಆದ್ರೂ ಆ ಹುಡುಗಿ ಪಾತ್ರೆ ತೊಳೆಯೋದ್ರಲ್ಲಿ ಒಂದು ಗಾಂಭೀರ್ಯ ಇದೆ."

ಹೆಂಡತಿಯ ಮುಖ ಅರಳಿತು. ಎಷ್ಟೋ ಕಾಲದಿಂದ ಆ ಮುಖ ಹಾಗೆ ಅರಳಿದ್ದನ್ನು ಅವರು ನೋಡಿರಲಿಲ್ಲ, ಮತ್ತು ನೋಡಿ ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆಕೆ ಮೆಲ್ಲಗೆ, ಎಳೆಯ ಹುಡುಗಿಯ ಹಾಗೆ, "ಕೊನೆ? ಕೊನೆ ಹೇಗನ್ನಿಸ್ತು?" ಎಂದಳು. ಯಜಮಾನರು ಉಮೇದಿಗೆ ಬಿದ್ದರು. ಅಂಗವಸ್ತ್ರ ಇರಲಿಲ್ಲವಾಗಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡರು.

"ಆ ಬೆಕ್ಕು ಅವಳ ಮಡಿಲಲ್ಲಿ ತಲೆ ಇಟ್ಟಿತಲ್ಲ, ಅಲ್ಲಿ ನನಗೆ ತಡೆಯೋಕಾಗ್ಲಿಲ್ಲ. ಇಡೀ ಪುಸ್ತಕದ ಜೀವ ಇರೋದೇ ಆ ಬೆಕ್ಕಿನಲ್ಲಿ."

"ಯಾವ ಬೆಕ್ಕು?" ಎಂದಳು ಹೆಂಡತಿ.

ಉತ್ತರ ಬಂದದ್ದು ಅಜ್ಜಿಯ ಕಡೆಯಿಂದ. "ನಿನಗೂ ಕಾಣಿಸ್ತೇನೋ!" ಎಂದು ಮುದುಕಿ ತಟ್ಟೆ ಸರಿಸಿ ಸಂಭ್ರಮಪಟ್ಟಳು. "ಕುರುಡು ಬೆಕ್ಕು, ಕರೀದು, ಅಲ್ವಾ? ನೋಡಿದ್ಯಾ, ಆವತ್ತೇ ಹೇಳಿದ್ರೆ ನಿನ್ನ ಹೆಂಡ್ತಿ, ಮಗಳು ಇಬ್ರೂ ನಾನು ಪುಸ್ತಕ ಎದೆ ಮೇಲೆ ಇಟ್ಕೊಂಡು ನಿದ್ದೆ ಹೋಗಿದ್ದೆ, ಅದು ಕನಸು ಅಂತ ಸಾಧಿಸಿದ್ರು. ಅಷ್ಟು ಚೆನ್ನಾಗಿತ್ತು ಬೆಕ್ಕು, ಕನಸಾಗೋಕೆ ಹೇಗೆ ಸಾಧ್ಯ? ಅದಕ್ಕೇ ಈ ಮೊಮ್ಮಗಳ ಕೈಲಿ ಬರೆಸಿ ಫೋನಿಗೆ ಹಾಕಿಸಿದೆ."

ಮಗಳು ತಟ್ಟೆಯೊಳಗೆ ಮುಖ ಬಗ್ಗಿಸಿದಳು. "ಅಜ್ಜಿ ಹೇಳಿದ ಹಾಗೇ ಬರೆದೆ ಅಪ್ಪಾ. ಪುಸ್ತಕದಲ್ಲಿ ಬೆಕ್ಕಿಲ್ಲ."

ಹೆತ್ತ ತಾಯಿಯ ನಿದ್ದೆಯಿಂದ ಕನಸು ಕದ್ದು ಸಿಕ್ಕಿಬಿದ್ದ ಮಗ ಇವರೊಬ್ಬರೇ ಇರಬೇಕು. ಅವರು ತಲೆ ಎತ್ತುವ ಹೊತ್ತಿಗೆ ಹೆಂಡತಿಯ ಮುಖದ ಬೆಳಕು ಆರಿಹೋಗಿತ್ತು. ಬೈದಿದ್ದರೆ ಬೈಗುಳದ ಜೊತೆಗೇ ಮುಗಿಯುತ್ತಿತ್ತು. ಆಕೆ ಬೈಯಲಿಲ್ಲ.

"ಓದದೇ ಇದ್ರೆ ಪರವಾಗಿಲ್ಲ ರೀ," ಎಂದಳು. "ಓದಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಮರುದಿನ ಬೆಳಿಗ್ಗೆ ಊಟದ ಮೇಜಿನ ಆ ಮೂಲೆ ಖಾಲಿಯಾಗಿತ್ತು. ಹಾಳೆಗಳಿಲ್ಲ, ಪೆನ್ನಿಲ್ಲ. ಆ ಜಾಗದಲ್ಲಿ ಮಡಚಿದ ಬಟ್ಟೆಯ ಬುಟ್ಟಿ ಇತ್ತು. ಯಜಮಾನರು ಕಾಫಿ ಕುಡಿಯುತ್ತ ಆ ಬುಟ್ಟಿಯನ್ನು ನೋಡಿದರು. ಒಂದು ಹೂಂನಿಂದ, ಒಂದು ಸುಳ್ಳಿನಿಂದ ಒಬ್ಬಳ ಕೈಯಿಂದ ಪೆನ್ನು ಕಿತ್ತುಕೊಂಡೆನಲ್ಲ ಎಂದುಕೊಂಡರು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ನಡೆದರು.

ಬಾಗಿಲು ಅರ್ಧ ಎಳೆದುಕೊಂಡು ಮೊದಲ ಪುಟ ತೆಗೆದರು. ಮತ್ತೆ ಅದೇ ಇರುವೆ ಸಾಲು. ಪುಸ್ತಕವನ್ನು ದೂರ ಹಿಡಿದರು, ಇನ್ನೂ ದೂರ ಹಿಡಿದರು, ಕೈಯ ಉದ್ದವೇ ಮುಗಿಯಿತು. ಕೊನೆಗೆ ಗಿರಾಕಿಯೊಬ್ಬರು ಒಯ್ಯಬೇಕಿದ್ದ ಓದುವ ಕನ್ನಡಕವೊಂದನ್ನು ಸುಮ್ಮನೆ ಮೂಗಿನ ಮೇಲಿಟ್ಟುಕೊಂಡರು. ಅಕ್ಷರಗಳೆಲ್ಲ ಒಮ್ಮೆಲೇ ಕೈಕಟ್ಟಿ ಸಾಲಾಗಿ ನಿಂತವು. ಊರಿನ ಕಣ್ಣನ್ನೆಲ್ಲ ಪರೀಕ್ಷೆ ಮಾಡಿದ ಮಹಾನುಭಾವರು ತಮ್ಮ ಕಣ್ಣನ್ನು ತಾವು ಪರೀಕ್ಷಿಸಿಕೊಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಮನಸ್ಸಿನಲ್ಲೇ ಅಚ್ಚಿನವನ ಕ್ಷಮೆ ಕೇಳಿ ಓದತೊಡಗಿದರು.

ಕಥೆಯ ಹುಡುಗಿಯ ಅಪ್ಪ ಬೀಗ ರಿಪೇರಿ ಮಾಡುವವನು. ಹುಡುಗಿ ಮನೆಯ ಯಾವ ವಸ್ತು ಮುಟ್ಟಿದರೂ ಯಾರದೋ ಮನಸ್ಸು ಕೇಳಿಸುತ್ತದೆ. ಅಪ್ಪನ ಬೀಗದ ಕೈ, ಚಪ್ಪಲಿ, ತಟ್ಟೆ ಮುಟ್ಟಿದರೆ ಮಾತ್ರ ಏನೂ ಇಲ್ಲ. "ಅಪ್ಪಾ, ನಾನು ಹೇಳಿದ್ದು ಕೇಳಿಸ್ತಾ?" ಎನ್ನುತ್ತಾಳೆ. "ಹೂಂ," ಎನ್ನುತ್ತಾನೆ ಅಪ್ಪ.

ಯಜಮಾನರು ಪುಸ್ತಕ ಮುಚ್ಚಿದರು. ಕಿವಿ ಬಿಸಿಯಾಯಿತು. ಯಾವ ಕುರ್ಚಿಯನ್ನು ಕಂಡು ತಾವು ಹೊಟ್ಟೆ ಹಿಡಿದು ನಕ್ಕಿದ್ದರೋ ಆ ಕುರ್ಚಿಯ ಮೇಲೆ ಈಗ ತಾವೇ ಕುಳಿತಿದ್ದರು. ಸಿಟ್ಟು ಬಂತು. ಸಿಟ್ಟಿನಲ್ಲೇ ಮತ್ತೆ ತೆರೆದರು, ಏಕೆಂದರೆ ಸಂಗೀತದ ಮೇಷ್ಟರು ಇನ್ನೂ ಸಿಕ್ಕಿರಲಿಲ್ಲ.

ಕೊನೆಯ ಅಧ್ಯಾಯದಲ್ಲಿ ಮೇಷ್ಟರನ್ನು ಪತ್ತೆಮಾಡಿ ಹುಡುಗಿ ಮನೆಗೆ ಮರಳುತ್ತಾಳೆ. ಗೇಟಿನ ಬಳಿ ಅಪ್ಪ ಲಾಟೀನು ಹಿಡಿದು ನಿಂತಿರುತ್ತಾನೆ. ಅವನ ಕೈಯಿಂದ ಅದನ್ನು ತೆಗೆದುಕೊಂಡಾಗ, ಬಿಸಿಯಾದ ಹಿಡಿಕೆಯಿಂದ ಅವಳಿಗೆ ಮೊದಲ ಸಲ ಅವನ ದನಿ ಕೇಳಿಸುತ್ತದೆ. 'ಬಂದಳಾ? ಬಂದಳಾ?' ಅಷ್ಟೇ, ಮತ್ತೇನಿಲ್ಲ. ಕನ್ನಡಕದಂಗಡಿಯಲ್ಲಿ ಒಬ್ಬರೇ ಕುಳಿತು ಯಜಮಾನರು ಅತ್ತರು. (ಬೆಕ್ಕಿನ ನೆರವಿಲ್ಲದೆ.) ಆ ಹೊತ್ತಿಗೆ ಒಳಗೆ ಬಂದ ಗಿರಾಕಿ ಅವರ ಕೆಂಪು ಕಣ್ಣು ನೋಡಿ, ಅಂಗಡಿಯವರಿಗೇ ಕಣ್ಣು ಬಂದಿದೆಯೆಂದು ಬಂದ ಹೆಜ್ಜೆಯಲ್ಲೇ ಹಿಂದಿರುಗಿದರು.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಯಜಮಾನರು ಬಾಗಿಲಲ್ಲಿ ನಿಂತು ಹೇಳಿದರು, "ಆ ಲಾಟೀನಿನ ಹಿಡಿಕೆ ಬಿಸಿ ಇತ್ತು ಅಂತ ಬರೆದಿದ್ದೀಯಲ್ಲ, ಅವನು ತುಂಬ ಹೊತ್ತಿಂದ ಕಾಯ್ತಿದ್ದ ಅಂತ ಅಷ್ಟರಲ್ಲೇ ಗೊತ್ತಾಯ್ತು. ನನಗೆ ಅಳು ಬಂತು."

ಹೆಂಡತಿ ತಿರುಗಲಿಲ್ಲ. "ಚೆನ್ನಾಗಿದೆ. ಇದು ಯಾರು ಬರೆದದ್ದು? ಎಷ್ಟು ನಕ್ಷತ್ರ ಕೊಟ್ಟಿದ್ರು?"

ಜೀವಮಾನದಲ್ಲಿ ಅವರಿಗೆ ಇದ್ದದ್ದು ಒಂದೇ ಸ್ವಂತ ಅಭಿಪ್ರಾಯ. ಅದೂ ಕಳವಿನ ಮಾಲು ಎನ್ನಿಸಿಕೊಂಡಿತು. ಒಳಗಿನಿಂದ ಅಜ್ಜಿ, "ಬೆಕ್ಕಿನ ವಿಷಯ ಹೇಳೋ, ನಂಬ್ತಾಳೆ!" ಎಂದು ಬುದ್ಧಿ ಹೇಳಿದಳು.

"ಅಮ್ಮಾ, ನೀನು ಸುಮ್ನಿರು!" ಎಂದರು ಯಜಮಾನರು. ಆಮೇಲೆ ಅವರ ದನಿ ಇಳಿಯಿತು. "ಆ ಹೂಂ ನನ್ನದು ಕಣೇ. ನೀನು ಮೊದಲನೇ ಪುಟ ಓದಿ ಹೇಳಿದಾಗ ನಾನಂದದ್ದು. ಅದನ್ನ ಇದ್ದ ಹಾಗೇ ಹಾಕಿದ್ದೀಯ, ಸರಿ. ಆದ್ರೆ ಕೊನೇಲಿ ಆ ಅಪ್ಪನ ಮನಸ್ಸೊಳಗೆ ಅಷ್ಟೊಂದು ಪ್ರೀತಿ ಇತ್ತು ಅಂತ ಬರೆದ್ಯಲ್ಲ, ಅದು ತಪ್ಪು. ನಾನು ಅಷ್ಟು ಒಳ್ಳೆಯವನಲ್ಲ. ಆವತ್ತು ನನ್ನ ತಲೇಲಿ ಊಟಕ್ಕೇನು ಅನ್ನೋದು ಬಿಟ್ಟು ಬೇರೇನೂ ಇರಲಿಲ್ಲ."

ನಲ್ಲಿ ನಿಂತಿತು. ಹೆಂಡತಿ ತಿರುಗಿ ನೋಡಿದಳು. ಗಂಡನ ಮೂಗಿನ ಮೇಲೆ ಇನ್ನೂ ಯಾರದೋ ಕನ್ನಡಕ ಇತ್ತು. ಅದರ ಹಿಂದೆ ಕಣ್ಣುಗಳು ಕೆಂಪಗೆ ದೊಡ್ಡದಾಗಿ ಕಾಣುತ್ತಿದ್ದವು.

"ಇದನ್ನ ಯಾರೂ ಬರೆದಿಲ್ಲ," ಎಂದಳು ಆಕೆ ನಿಧಾನವಾಗಿ. ತುಟಿಯ ಅಂಚಿನಲ್ಲಿ ನಗೆ ಬಂತು, ತಡೆದುಕೊಂಡಳು, ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋಗಿ, ಎರಡೂ ಕೈಯಲ್ಲಿ ಒಂದು ಕಟ್ಟು ಹೊತ್ತು ತಂದಳು. ದಿಂಬಿನಷ್ಟು ದಪ್ಪ. ಹುರಿ ಬಿಗಿದ ಗುರುತು ಹಾಳೆಗಳ ಮೇಲೆ ಮೂಡಿತ್ತು. ಅದು ಅಟ್ಟಕ್ಕೆ ಹೋಗಲು ಸಿದ್ಧವಾಗಿತ್ತು.

"ಎರಡನೇದು," ಎಂದು ಗಂಡನ ತೋಳಿನ ಮೇಲಿಟ್ಟಳು. "ಕೈಬರಹ. ಅಕ್ಷರ ಸ್ವಲ್ಪ ಸಣ್ಣದು. ಇದಕ್ಕಿನ್ನೂ ಯಾರ ಅಭಿಪ್ರಾಯನೂ ಬಂದಿಲ್ಲ, ಯಾಕಂದ್ರೆ ಯಾರೂ ಓದಿಲ್ಲ. ನೀವೇ ಮೊದಲು."

ಯಜಮಾನರ ಬಾಯಿಗೆ 'ಹೂಂ' ಬಂತು. ನುಂಗಿಕೊಂಡರು. "ಓದ್ತೀನಿ. ಪೂರ್ತಿ ಓದ್ತೀನಿ," ಎಂದು, ಬಟ್ಟೆಯ ಬುಟ್ಟಿಯನ್ನು ಕೆಳಗಿಳಿಸಿ, ಮೇಜಿನ ಆ ಮೂಲೆಯಲ್ಲೇ ಕುಳಿತು ಹುರಿ ಬಿಚ್ಚಿದರು. ಹೆಂಡತಿ ಎದುರಿಗೆ ಕುಳಿತು ಅವರ ಮುಖವನ್ನೇ ನೋಡತೊಡಗಿದಳು.

ಮೊದಲ ಸಾಲುಗಳು ಹೀಗಿದ್ದವು: 'ಮಾತಾಡದ ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆಯೇ, ಹುಡುಗಿಯ ಮನೆಗೆ ಒಂದು ಕುರುಡು ಕರಿಬೆಕ್ಕು ಬಂತು. ಬಂದು, ಅಪ್ಪನ ಕುರ್ಚಿಯ ಮೇಲೆ ಕುಳಿತಿತು. ಮನೆಯವರಿಗೆ ಹೆಚ್ಚೇನೂ ವ್ಯತ್ಯಾಸ ತಿಳಿಯಲಿಲ್ಲ.'

ಯಜಮಾನರು ಕನ್ನಡಕ ತೆಗೆದರು. ಅಂಗಿಯ ತುದಿಯಲ್ಲಿ ಚೆನ್ನಾಗಿ ಒರೆಸಿ ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಓದಿದರು. ಅಕ್ಷರಗಳು ಸ್ಪಷ್ಟವಾಗಿಯೇ ಇದ್ದವು.